ಬ್ಯಾಕಪ್ ಇದೆ, ಮರಳಿ ಬರುತ್ತದೆಯೇ?

ಸಣ್ಣ ಪತ್ರಿಕೆ, ಸಂಘ, ಪ್ರಕಾಶನ ಇಂಥವುಗಳ ಜಾಲತಾಣಗಳು ಸಾಮಾನ್ಯವಾಗಿ ಇರುವುದು ಶೇರ್ಡ್ ಹೋಸ್ಟಿಂಗ್‌ನಲ್ಲಿ. ಒಂದೇ ಸರ್ವರ್, ಅದರೊಳಗೆ ನೂರಾರು ತಾಣಗಳು, ಎಲ್ಲಕ್ಕೂ ಸೇರಿ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸ್. ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಯಲ್ಲಿ ಚಿತ್ರಗಳು ಫೋಲ್ಡರಿನಲ್ಲಿ ಕಡತಗಳಾಗಿ ಇರುತ್ತವೆ. ಬರಹ, ಪ್ರತಿಕ್ರಿಯೆ, ಓದುಗರ ಖಾತೆ, ಸೆಟ್ಟಿಂಗುಗಳೆಲ್ಲ ಡೇಟಾಬೇಸಿನ ಕೋಷ್ಟಕಗಳಲ್ಲಿ ಇರುತ್ತವೆ. ಅದರ ಬ್ಯಾಕಪ್ ಎಂದು ನಾವು ಇಳಿಸಿಕೊಳ್ಳುವ ಎಸ್‌ಕ್ಯೂಎಲ್ ಕಡತ ಬರೀ ಪಠ್ಯ: ಈ ಕೋಷ್ಟಕ ಕಟ್ಟು, ಅದರಲ್ಲಿ ಈ ಸಾಲು ಸೇರಿಸು ಎಂಬ ಆದೇಶಗಳ ಉದ್ದನೆಯ ಸರಣಿ. ಆ ಸರಣಿ ಪೂರ್ತಿಯಿದೆಯೇ, ಸರಿಯಿದೆಯೇ ಎಂದು ತಿಳಿಯಬೇಕಾದರೆ ಖಾಲಿ ಡೇಟಾಬೇಸೊಂದರಲ್ಲಿ ಅದನ್ನು ನಡೆಸಿ, ತಾಣ ಎದ್ದು ನಿಲ್ಲುತ್ತದೆಯೇ ಎಂದು ನೋಡಬೇಕು. ಹಾಗೆ ಮರಳಿಸಿ ನೋಡದ ಕಡತವನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ವಾದ. ಕನ್ನಡದ ತಾಣಗಳ ಮಟ್ಟಿಗೆ ಈ ಮಾತು ಇನ್ನಷ್ಟು ನಿಜ.

ಬ್ಯಾಕಪ್ ಕೆಟ್ಟರೆ ಎಚ್ಚರಿಕೆ ಬಂದೇ ಬರುತ್ತದಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. 2017ರ ಜನವರಿ 31ರಂದು ತಂತ್ರಾಂಶ ಪ್ರಾಜೆಕ್ಟುಗಳಿಗೆ ತಾಣ ಒದಗಿಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದದ್ದು ಆ ನಂಬಿಕೆಗೆ ಎದುರಾಗಿ ನಿಲ್ಲುತ್ತದೆ. ತಂತ್ರಜ್ಞರೊಬ್ಬರು ಬೇರೊಂದು ಸರ್ವರಿನಲ್ಲಿದ್ದೇನೆಂದು ತಿಳಿದು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸತೊಡಗಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಮಾಹಿತಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಪ್ರತಿದಿನ ಪ್ರತಿ ತೆಗೆಯುವ ಏರ್ಪಾಡು ಅಲ್ಲಿತ್ತು. ಆದರೆ ಪ್ರತಿ ತೆಗೆಯುವ ಸಾಧನ ಪೋಸ್ಟ್‌ಗ್ರೆಸ್ 9.2ರದು, ಡೇಟಾಬೇಸ್ 9.6ರದು, ಹೊಂದಿಕೆಯಾಗದೆ ಕೆಲಸ ನಿಂತುಹೋಗುತ್ತಿತ್ತು. ಹಾಗೆ ನಿಂತಿತೆಂದು ತಿಳಿಸುವ ಇಮೇಲುಗಳೂ ದೃಢೀಕರಣವಿಲ್ಲದ ಕಾರಣ ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಗೆ ಬಂದದ್ದು ಬೇರೆ ಉದ್ದೇಶಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ. ಅದರಿಂದ ತಾಣ ಎದ್ದಿತಾದರೂ ನಡುವಿನ ಸುಮಾರು 5,000 ಪ್ರಾಜೆಕ್ಟುಗಳ ದಾಖಲೆ, ಅಷ್ಟೇ ಪ್ರತಿಕ್ರಿಯೆಗಳು ಮತ್ತು 700 ಖಾತೆಗಳು ಹೋದವು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು, ಅದಕ್ಕಾಗಿ ಕೃತಜ್ಞರಾಗಿರಬೇಕು. ಪರಿಣತರ ತಂಡವಿದ್ದಲ್ಲೇ ವೈಫಲ್ಯ ಇಷ್ಟು ಮೌನವಾಗಿ ನಡೆಯಬಹುದಾದರೆ, ಡೇಟಾಬೇಸ್ ನಿರ್ವಹಿಸುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಗುಂಡಿ ಒತ್ತಿ ಸುಮ್ಮನಾಗುವವರ ಪಾಡೇನು?

ಈಗ ಕನ್ನಡದ ವಿಷಯ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರವಾದರೂ, ಒತ್ತಕ್ಷರದೊಳಗಿನ ಹಲಂತ (ವಿರಾಮ) ಚಿಹ್ನೆಯೂ ಸೇರಿ ಸಂಕೇತಗಳು ಐದು, ಬೈಟ್‌ಗಳು ಹದಿನೈದು. ಮೈಎಸ್‌ಕ್ಯೂಎಲ್‌ನಲ್ಲಿ 2018ರ 8.0 ಆವೃತ್ತಿಯವರೆಗೆ ಪೂರ್ವನಿಯೋಜಿತ ಲಿಪಿಸಂಕೇತ ಲ್ಯಾಟಿನ್-1 ಆಗಿತ್ತು. ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ್ದು, ಕನ್ನಡಕ್ಕೆ ಅದರಲ್ಲಿ ಜಾಗವೇ ಇಲ್ಲ. ಹಳೆಯ ತಾಣಗಳಲ್ಲಿ ಲ್ಯಾಟಿನ್ ಎಂದು ಗುರುತು ಹಚ್ಚಿದ ಕೋಷ್ಟಕಗಳೊಳಗೆ ಕನ್ನಡದ ಬೈಟ್‌ಗಳು ಕೂತಿರುವುದುಂಟು. ಹಾಕುವಾಗಲೂ ತೆಗೆಯುವಾಗಲೂ ಒಂದೇ ತಪ್ಪು ನಡೆಯುವುದರಿಂದ ಓದುಗನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಪ್ರತಿ ತೆಗೆಯುವ ಸಾಧನ ಗುರುತನ್ನೇ ನಂಬಿ ಪ್ರತಿ ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ಮತ್ತೆ ಪರಿವರ್ತಿಸುತ್ತದೆ. ಮರಳಿಸಿದ ದಿನ ಪುಟದ ತುಂಬ ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ವಿಚಿತ್ರ ಅಕ್ಷರಗಳ ಸಾಲು. ಇದು ನೋಡಲು ಭಯಂಕರ, ಆದರೆ ಮೂಲ ಬೈಟ್‌ಗಳು ಒಳಗೆ ಉಳಿದಿರುವುದರಿಂದ ಪರಿವರ್ತನೆಯನ್ನು ಹಿಂದುಮುಂದು ಮಾಡಿ ಸಾಮಾನ್ಯವಾಗಿ ಪಠ್ಯವನ್ನು ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಲಾಗದ ಸ್ಥಿತಿ ಬೇರೆಯೇ ಇದೆ. ಸರಿಯಾದ ಯುಟಿಎಫ್-8 ಕೋಷ್ಟಕವನ್ನು ಲ್ಯಾಟಿನ್-1 ಸಂಪರ್ಕದ ಮೂಲಕ ಪ್ರತಿ ತೆಗೆದರೆ, ಹೊಂದಾಣಿಕೆಯಿಲ್ಲದ ಪ್ರತಿ ಸಂಕೇತದ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ‘ಕನ್ನಡ’ ಐದು ಪ್ರಶ್ನೆಗಳಾಗುತ್ತದೆ, ‘ಮೈಸೂರು’ ಆರು. ಯಾವ ತಜ್ಞನೂ ಅವುಗಳಿಂದ ಪದವನ್ನು ಮತ್ತೆ ಎತ್ತಲಾರ. ಕಡತದ ಹೆಸರು, ದಿನಾಂಕ ಸರಿಯಿರುತ್ತವೆ, ಇಂಗ್ಲಿಷ್ ಪಠ್ಯ ಪೂರ್ತಿ ಓದಿಸಿಕೊಳ್ಳುತ್ತದೆ. ಕನ್ನಡ ಮಾತ್ರ ಇರುವುದಿಲ್ಲ. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಕೂಡ ಮೂರು ಬೈಟ್‌ಗಷ್ಟೇ ಸೀಮಿತ. ಕನ್ನಡಕ್ಕೆ ಅದು ಸಾಲುತ್ತದೆ, ನಾಲ್ಕು ಬೈಟಿನ ಎಮೋಜಿಗೆ ಸಾಲದು. ಕಟ್ಟುನಿಟ್ಟಿನ ಮೋಡ್ ಇಲ್ಲದ ಸರ್ವರಿನಲ್ಲಿ ಎಮೋಜಿ ಬಂದ ಜಾಗದಿಂದ ಮುಂದಿನ ಪಠ್ಯವೆಲ್ಲ ಕತ್ತರಿಸಿ ಹೋಗುತ್ತದೆ. ಹಾಗಾಗಿ ಮರಳಿಸುವ ಜಾಗ ನಾಲ್ಕು ಬೈಟನ್ನೂ ಹಿಡಿಯುವ ಯುಟಿಎಫ್8ಎಂಬಿ4 ಆಗಿರಬೇಕು.

ಶೇರ್ಡ್ ಹೋಸ್ಟಿಂಗ್ ಇದರ ಮೇಲೆ ತನ್ನದೇ ಮಿತಿಗಳನ್ನು ಹೇರುತ್ತದೆ. ನೂರಾರು ಜನ ಹಂಚಿಕೊಂಡ ಯಂತ್ರದಲ್ಲಿ ಒಬ್ಬರ ಕೆಲಸ ದೀರ್ಘವಾಗದಂತೆ ಸಮಯದ ಗಡಿ ಇರುತ್ತದೆ; ಪಿಎಚ್‌ಪಿಯ ಪೂರ್ವನಿಯೋಜಿತ ಗಡಿ 30 ಸೆಕೆಂಡು, ಕಡತ ಏರಿಸುವ ಮಿತಿ 2 ಎಂಬಿ. ಹೋಸ್ಟ್‌ಗಳು ಇವನ್ನು ಸಡಿಲಿಸುವುದುಂಟು, ಆದರೆ ಗಡಿ ತಪ್ಪುವುದಿಲ್ಲ, ದೊಡ್ಡ ಡೇಟಾಬೇಸಿನ ಪ್ರತಿ ನಡುವೆ ತುಂಡಾಗುವ ಅಪಾಯವೂ ತಪ್ಪುವುದಿಲ್ಲ. ಪ್ರತಿ ತೆಗೆಯಲು ಮೈಎಸ್‌ಕ್ಯೂಎಲ್‌ನದೇ ಸಾಧನವಾದ ಮೈಎಸ್‌ಕ್ಯೂಎಲ್‌ಡಂಪ್ ಬಳಸಿದ್ದರೆ ಕಡತದ ಕೊನೆಯಲ್ಲಿ ಕೆಲಸ ಮುಗಿದ ದಿನಾಂಕದ ಸಾಲು ಇರುತ್ತದೆ, ಅದಿಲ್ಲದಿದ್ದರೆ ಅನುಮಾನಿಸಬೇಕು. ಮೈಎಸ್‌ಕ್ಯೂಎಲ್ 8ರಿಂದ ತೆಗೆದ ಪ್ರತಿಯನ್ನು 5.7 ಇರುವ ಹೋಸ್ಟ್‌ಗೆ ಒಯ್ದರೆ, ಅಕ್ಷರಕ್ರಮದ ನಿಯಮದ ಹೆಸರೇ ಪರಿಚಯವಿಲ್ಲವೆಂದು ಅದು ನಿರಾಕರಿಸುತ್ತದೆ. ಇದಾದರೂ ಬಾಯಿಬಿಟ್ಟು ಹೇಳುವ ದೋಷ. ತಾಣದ ವಿಳಾಸ ಬದಲಾಯಿತೆಂದು ಎಡಿಟರಿನಲ್ಲಿ ಒಮ್ಮೆಗೇ ಹುಡುಕಿ ಬದಲಿಸಿದರೆ ಆಗುವ ಹಾನಿ ಹಾಗಲ್ಲ: ವರ್ಡ್‌ಪ್ರೆಸ್ ಅನೇಕ ಸೆಟ್ಟಿಂಗುಗಳನ್ನು ಬೈಟ್ ಲೆಕ್ಕದ ಉದ್ದದೊಂದಿಗೆ ಬರೆದಿಡುತ್ತದೆ, ಲೆಕ್ಕ ತಪ್ಪಿದರೆ ಆ ಸೆಟ್ಟಿಂಗನ್ನು ಓದಲಾಗುವುದೇ ಇಲ್ಲ.

ಹೋಸ್ಟಿಂಗ್ ಕಂಪನಿಯೇ ಬ್ಯಾಕಪ್ ಇಡುತ್ತದಲ್ಲ ಎಂಬ ಆಕ್ಷೇಪಕ್ಕೆ ಎರಡು ಉತ್ತರಗಳಿವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಕೇಂದ್ರವೊಂದು ಪೂರ್ತಿ ಸುಟ್ಟುಹೋದಾಗ, ಸರ್ವರಿನ ಜೊತೆ ಬ್ಯಾಕಪ್ಪೂ ಅಲ್ಲೇ ಇದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಎರಡನೆಯದು ಹೆಚ್ಚು ಸಾಮಾನ್ಯ: ಹೋಸ್ಟ್ ಇಡುವ ಪ್ರತಿಗಳಿಗೆ ಆಯಸ್ಸು ಕಡಿಮೆ. ತಿಂಗಳ ಹಿಂದೆ ಹಾಳಾದ ಕೋಷ್ಟಕ ಇಂದು ಕಣ್ಣಿಗೆ ಬಿದ್ದರೆ, ಉಳಿದಿರುವ ಎಲ್ಲ ಪ್ರತಿಗಳಲ್ಲೂ ಅದೇ ಹಾಳು. ಬ್ಯಾಕಪ್ ಪ್ಲಗಿನ್ ಇದೆ ಎನ್ನುವವರಿಗೂ ಮಾತು ಬೇರೆಯಲ್ಲ. ಪ್ಲಗಿನ್ ಪ್ರತಿ ತೆಗೆಯುತ್ತದೆ, ಅದು ಓದಲು ಬರುತ್ತದೆಯೇ ಎಂದು ನೋಡುವ ಕಣ್ಣು ಮನುಷ್ಯನದಾಗಬೇಕು.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ: ಮರಳಿಸಿ ನೋಡುವುದೇ ಅಪಾಯ. ನಿಜ. ಮೈಎಸ್‌ಕ್ಯೂಎಲ್‌ಡಂಪ್ ತಯಾರಿಸಿದ ಕಡತ ಪ್ರತಿ ಕೋಷ್ಟಕ ಕಟ್ಟುವ ಮೊದಲು ಅದೇ ಹೆಸರಿನ ಹಳೆಯ ಕೋಷ್ಟಕವನ್ನು ಅಳಿಸಲು ಹೇಳುತ್ತದೆ. ನಡೆಯುತ್ತಿರುವ ಡೇಟಾಬೇಸಿನ ಮೇಲೆ ಅದನ್ನು ಓಡಿಸಿದರೆ ಪರೀಕ್ಷೆಯೇ ಅನಾಹುತವಾಗುತ್ತದೆ. ಆದ್ದರಿಂದ ಪರೀಕ್ಷೆ ಸ್ವಂತ ಕಂಪ್ಯೂಟರಿನಲ್ಲಿ, ಅಲ್ಲೇ ಸರ್ವರ್ ನಡೆಸಿಕೊಡುವ ಜ್ಯಾಂಪ್‌ನಂಥ (XAMPP) ಉಚಿತ ಪ್ಯಾಕೇಜಿನೊಳಗೆ ನಡೆಯಲಿ. ಸಣ್ಣ ತಾಣಕ್ಕೆ ಅಷ್ಟು ಸಾಕು. ತೆರೆದು ಹಳೆಯದೊಂದು ಲೇಖನ, ಹೊಸದೊಂದು ಪ್ರತಿಕ್ರಿಯೆ, ಒತ್ತಕ್ಷರ ತುಂಬಿದ ಒಂದು ಶೀರ್ಷಿಕೆ ಓದಿ ನೋಡಬೇಕು, ಕೋಷ್ಟಕಗಳ ಸಾಲುಗಳ ಎಣಿಕೆಯನ್ನು ಮೂಲದೊಂದಿಗೆ ತಾಳೆ ಹಾಕಬೇಕು. ಆ ಪ್ರತಿಯಲ್ಲಿ ಓದುಗರ ಇಮೇಲ್ ವಿಳಾಸಗಳೂ ಪಾಸ್‌ವರ್ಡ್‌ಗಳ ಹ್ಯಾಶ್‌ಗಳೂ ಇರುತ್ತವೆ. ಪರೀಕ್ಷೆ ಮುಗಿದ ಮೇಲೆ ಆ ಡೇಟಾಬೇಸನ್ನು ಅಳಿಸಬೇಕು, ಮೂಲ ಕಡತವನ್ನು ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನಲ್ಲಿ ಎಂದೂ ಬಿಡಬಾರದು. ಅಲ್ಲಿದ್ದರೆ ಅದರ ಹೆಸರು ಊಹಿಸಿದ ಯಾರು ಬೇಕಾದರೂ ಬ್ರೌಸರಿನಿಂದಲೇ ಇಳಿಸಿಕೊಳ್ಳಬಹುದು.