ಶಾಲೆಗೆ ಮುನ್ನ ಮನೆಯಲ್ಲಿ ಆಗಬೇಕಾದ ಕಲಿಕೆ

ಜೂನ್ ತಿಂಗಳು ಸಮೀಪಿಸಿದಂತೆ ಶಾಲಾ ಪ್ರವೇಶದ ವಿಚಾರವಾಗಿ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಪಾಲಕರು ಅನೇಕ. ನಾಲ್ಕು ವರ್ಷದ ಮಗು ನೂರರವರೆಗೆ ಅಂಕಿ ಬರೆಯುತ್ತದೆಂದು ಕೆಲವರು ಹೆಮ್ಮೆಪಟ್ಟರೆ, ‘ಅ’ ಬರೆಯಲೂ ಬಾರದಲ್ಲಾ ಎಂದು ಕೆಲವರು ಕಳವಳಪಡುತ್ತಾರೆ. ಹೆಮ್ಮೆ, ಕಳವಳ ಎರಡೂ ಅಗತ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ. ಬರವಣಿಗೆ ಕಲಿಕೆಯ ಆರಂಭವಲ್ಲ. ಕಿವಿ, ನಾಲಿಗೆ, ಬೆರಳುಗಳು ಪಳಗಿದ ಮೇಲೆ ಬರುವ ಹಂತವದು.

ಮೂರು-ನಾಲ್ಕು ವರ್ಷದ ಕೂಸಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ಣವಾಗಿ ಗಟ್ಟಿಗೊಂಡಿರುವುದಿಲ್ಲ. ಅಂಥ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ತಿದ್ದಿಸಿದರೆ ಮಗುವಿಗೆ ದಣಿವು, ಪುಸ್ತಕದ ಮೇಲೆ ಬೇಸರ. ಬೆರಳು ಬಲಿಯಲು ಅಡುಗೆಮನೆಯೇ ಸಾಕು. ಅವರೆಕಾಯಿ ಬಿಡಿಸುವುದು, ಶೇಂಗಾ ಸುಲಿಯುವುದು, ರೊಟ್ಟಿ ಬಡಿಯುವ ತಾಯಿಯ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡೆ ಕಟ್ಟುವುದು, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದು ಇವೆಲ್ಲ ಬರವಣಿಗೆಯ ಪೂರ್ವಸಿದ್ಧತೆಯೇ. ಗುಂಡಿ ಹಾಕಲು ಹತ್ತು ನಿಮಿಷ ಹಿಡಿದರೆ ಹಿಡಿಯಲಿ.

ಕಿವಿಯ ಪಳಗುವಿಕೆ ಇನ್ನೂ ಮುಖ್ಯ. ಬಳೆ ಬೇರೆ, ಬಾಳೆ ಬೇರೆ. ಹಲ್ಲಿ ಬೇರೆ, ಹಳ್ಳಿ ಬೇರೆ. ಮನೆ ಬೇರೆ, ಮಣೆ ಬೇರೆ. ಈ ವ್ಯತ್ಯಾಸವನ್ನು ಕಿವಿಯಲ್ಲಿ ಹಿಡಿದ ಮಗುವಿಗೆ ಮುಂದೆ ಕಾಗುಣಿತ ಅಷ್ಟು ತೊಡಕಾಗುವುದಿಲ್ಲ. ಕಿತ್ತಳೆ ಎಂದು ಮೂರು ಚಪ್ಪಾಳೆ ತಟ್ಟಿಸಬಹುದು. ಒಬ್ಬರು ‘ಮರ’ ಎಂದರೆ ಇನ್ನೊಬ್ಬರು ‘ರಸ’, ಅದಕ್ಕೆ ಮತ್ತೊಬ್ಬರು ‘ಸರ’ ಎನ್ನುವ ಆಟಕ್ಕೆ ಖರ್ಚೇನೂ ಇಲ್ಲ. ಅಜ್ಜಿ ಕಥೆಯ ನಡುವೆ ನಿಲ್ಲಿಸಿ ‘ಮುಂದೇನಾಯಿತು ಹೇಳು’ ಎಂದು ಕೇಳಿ ಕಾಯುತ್ತಾಳೆ. ಮೊಬೈಲು ಕಥೆ ಹೇಳುತ್ತದೆ, ಕಾಯುವುದಿಲ್ಲ.

ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವೆವೆಂದು ಮನೆಯಲ್ಲಿಯೂ ಅರೆಬರೆ ಇಂಗ್ಲಿಷಿನಲ್ಲೇ ಮಾತನಾಡಿಸುವುದನ್ನು ನಾವು ಒಪ್ಪಲಾರೆವು. ತನ್ನ ಮಾತಿನಲ್ಲಿ ಚೆನ್ನಾಗಿ ಮಾತನಾಡಬಲ್ಲ ಮಗು ಎರಡನೆಯ ಭಾಷೆಯನ್ನೂ ಸುಲಭವಾಗಿ ಕಲಿಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ–2020 ಸಹ 3ರಿಂದ 8ರ ವಯಸ್ಸನ್ನು ಬುನಾದಿ ಹಂತವೆಂದು ಕರೆದು ಆಟದ ಮೂಲಕ ಕಲಿಕೆಗೆ ಒತ್ತುಕೊಟ್ಟಿದೆ. ಸಾಧ್ಯವಿರುವೆಡೆಯೆಲ್ಲ ಕನಿಷ್ಠ 5ನೆಯ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಲೆಂದು ಹೇಳಿದೆ.

ಲೆಕ್ಕದ ವಿಷಯ ಸರಳ. ನೂರರವರೆಗೆ ಒಪ್ಪಿಸುವ ಮಗು ‘ಐದು ತಟ್ಟೆ ತಾ’ ಎಂದರೆ ತಬ್ಬಿಬ್ಬಾಗುವುದುಂಟು. ಅಟ್ಟದ ಮೇಲಿನ ಅಳಗುಳಿಮಣೆಯನ್ನು ಕೆಳಗಿಳಿಸಿರಿ. 14 ಗುಳಿಗಳಲ್ಲಿ ಒಂದೊಂದೇ ಹುಣಸೆಬೀಜ ಹಾಕುತ್ತ ಹೋದರೆ ಎಣಿಕೆ ಕೈಗೆ ಬರುತ್ತದೆ, ತನ್ನ ಸರದಿಗೆ ಕಾಯುವುದೂ ರೂಢಿಯಾಗುತ್ತದೆ.

ಶಾಲೆ ಆರಂಭಕ್ಕೆ ಎರಡು ವಾರ ಮೊದಲೇ ಊಟದ ಡಬ್ಬಿಯ ಮುಚ್ಚಳ ತೆಗೆಯುವುದನ್ನೂ ನೀರಿನ ಬಾಟಲಿಯ ಬಿರಡೆ ತಿರುಗಿಸುವುದನ್ನೂ ರೂಢಿ ಮಾಡಿಸಬೇಕು. ಶೌಚಕ್ಕೆ ಹೋಗಬೇಕೆಂದು ಗುರುಗಳಿಗೆ ಅಂಜದೆ ಹೇಳುವ ಮಾತನ್ನೂ ಕಲಿಸಿರಿ. ಎಷ್ಟೋ ಮಕ್ಕಳು ಮೊದಲ ವಾರ ಅಳುವುದು ಅದೊಂದು ಮಾತು ಬಾಯಿಗೆ ಬಾರದೆ.