ಜೀವಸತ್ವದ ವಾಹಕ

ಬೇಲೂರಿನ ಚೆನ್ನಕೇಶವ ದೇವಾಲಯದ ಜಗತಿಯ ಮೇಲೆ ನಡುಹಗಲಿನ ಬಿಸಿಲಿನಲ್ಲಿ ನಿಂತು ಮದನಿಕೆಯರ ವಿಗ್ರಹಗಳನ್ನು ನೋಡಿದ ಯಾತ್ರಿಕನು ನವರಂಗದೊಳಗೆ ಕಾಲಿಟ್ಟೊಡನೆ ಅವನ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಕಂಬ ಯಾವುದು, ಗೋಡೆ ಯಾವುದು ಎಂದು ತಿಳಿಯದು. ಕೆಲವು ನಿಮಿಷ ತಾಳಿದರೆ ಮೊದಲು ಕಂಬಗಳ ನುಣುಪು, ಅನಂತರ ಮೇಲ್ಛಾವಣಿಯ ಕೆತ್ತನೆ ಒಂದೊಂದಾಗಿ ಗೋಚರಿಸುತ್ತವೆ. ಒಳಗಿನ ಬೆಳಕೇನೂ ಹೆಚ್ಚಿಲ್ಲ, ಬದಲಾದುದು ಕಣ್ಣು. ಅಕ್ಷಿಪಟಲದಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಪ್ರಖರವಾದ ಬೆಳಕಿನಲ್ಲಿ ವಿಘಟಿಸಿ, ಕತ್ತಲೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಳ್ಳಲು ಜೀವಸತ್ವ ‘ಎ’ ಬೇಕು. ಕಣ್ಣಿನ ಈ ರಸಾಯನಕ್ರಿಯೆಯನ್ನು ಶೋಧಿಸಿದ ಅಮೆರಿಕದ ವಿಜ್ಞಾನಿ ಜಾರ್ಜ್ ವಾಲ್ಡ್ 1967ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಒಬ್ಬರು.

ಜೀವಸತ್ವ ‘ಎ’ ಸಾಲದ ಮಗುವಿಗೆ ನವರಂಗದ ಈ ಕತ್ತಲೆ ಪ್ರತಿ ಸಂಜೆಯೂ ಬರುತ್ತದೆ. ಎಷ್ಟು ಹೊತ್ತು ಕಾದರೂ ತಿಳಿಯಾಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗು ಆಟ ಬಿಟ್ಟು ಒಂದೆಡೆ ಕುಳಿತುಬಿಡುತ್ತದೆ. ತಟ್ಟೆಯಲ್ಲಿಟ್ಟ ಮುದ್ದೆಗಾಗಿ ತಡವರಿಸುತ್ತದೆ. ಇದೇ ಇರುಳುಗುರುಡು. ಕೊರತೆ ಮುಂದುವರಿದರೆ ಕಣ್ಣಿನ ಬಿಳಿಯ ಭಾಗ ಒಣಗಿ, ನೊರೆಯಂತಹ ಮಚ್ಚೆಗಳು ಮೂಡುತ್ತವೆ. ಕೊನೆಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೇ ಮೆತ್ತಗಾಗಿ ಕರಗಿ, ದೃಷ್ಟಿಯು ಶಾಶ್ವತವಾಗಿ ನಷ್ಟವಾಗಬಹುದು.

ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಪರಂಗಿ ಹಣ್ಣು, ಹಾಲು, ಮೊಟ್ಟೆ ಇವುಗಳನ್ನು ಉಂಡರೆ ಈ ಕೊರತೆ ನೀಗುತ್ತದೆ ಎಂಬುದು ನಿಜ. ಆದರೆ ಅಷ್ಟರಿಂದಲೇ ಕಥೆ ಮುಗಿಯುವುದಿಲ್ಲ. ಅರಸೀಕೆರೆಯು ತೆಂಗಿಗೆ ಹೆಸರಾದ ಸೀಮೆ. ಅಲ್ಲಿಯ ಮಂಡಿಯಲ್ಲಿ ಕೊಬ್ಬರಿ ಎಷ್ಟೇ ರಾಶಿ ಬಿದ್ದಿರಲಿ, ಸಾಗಿಸುವ ವಾಹನವಿಲ್ಲದಿದ್ದರೆ ಪರ ಊರಿಗೆ ಒಂದು ಗಿಟುಕೂ ತಲುಪದು. ದೇಹದಲ್ಲಿ ಜೀವಸತ್ವ ‘ಎ’ಗೆ ಯಕೃತ್ತೇ ಮಂಡಿ. ಆರೋಗ್ಯವಂತರಲ್ಲಿ ಈ ಜೀವಸತ್ವದ ಬಹುಪಾಲು ಅಲ್ಲಿಯೇ ಸಂಗ್ರಹವಾಗಿರುತ್ತದೆ. ಕೊಬ್ಬರಿ ಎಣ್ಣೆಯಂತೆಯೇ ಇದು ನೀರಿನಲ್ಲಿ ಕರಗದ ವಸ್ತು. ರಕ್ತವಾದರೋ ಬಹುಮಟ್ಟಿಗೆ ನೀರು. ಆದುದರಿಂದ ಯಕೃತ್ತಿನಿಂದ ಕಣ್ಣಿನವರೆಗೆ ಇದನ್ನು ಹೊತ್ತೊಯ್ಯಲು ಒಂದು ವಾಹಕ ಅವಶ್ಯಕ.

ಆ ವಾಹಕವೇ ರೆಟಿನಾಲ್ ಬಂಧಕ ಸಸಾರಜನಕ. ರೆಟಿನಾಲ್ ಎಂಬುದು ಜೀವಸತ್ವ ‘ಎ’ಯ ಒಂದು ರೂಪ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡಿವಿಟ್ ಗುಡ್‌ಮನ್ ಮತ್ತು ಸಂಗಡಿಗರು 1968ರಲ್ಲಿ ಇದನ್ನು ಮಾನವ ರಕ್ತದಿಂದ ಬೇರ್ಪಡಿಸಿ ವರ್ಣಿಸಿದರು. ನಮ್ಮ ನಾಡಿನಲ್ಲಿಯೂ ಈ ಕ್ಷೇತ್ರದ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜೆ. ಗಂಗೂಲಿಯವರು ಬಹುಕಾಲ ಜೀವಸತ್ವ ‘ಎ’ಯ ಅಧ್ಯಯನ ಮಾಡಿದರು; ಅಲ್ಲಿಯೇ ಪಿ. ಆರ್. ಅಡಿಗರು ಜೀವಸತ್ವಗಳನ್ನು ಹೊರುವ ಸಸಾರಜನಕಗಳನ್ನು ಕುರಿತು ಶೋಧನೆ ನಡೆಸಿದರು.

ಈ ವಾಹಕದ ಒಂದು ಅಣುವು ರೆಟಿನಾಲಿನ ಒಂದೇ ಒಂದು ಅಣುವನ್ನು ತನ್ನ ಒಡಲಿನ ಪೊಟರೆಯಲ್ಲಿ ಹುದುಗಿಸಿಕೊಳ್ಳುತ್ತದೆ. ವಾಹಕವು ಬಹು ಚಿಕ್ಕದು. ಅದರ ಅಣುತೂಕ ಸುಮಾರು 21,000. ರಾಗಿ ಹಿಟ್ಟು ಜರಡಿಯಲ್ಲಿ ಇಳಿಯುವಂತೆ ಇದು ಮೂತ್ರಪಿಂಡದ ಸೋಸುವ ಪೊರೆಯಲ್ಲಿ ಜಾರಿಹೋಗುವ ಅಪಾಯವುಂಟು. ಅದನ್ನು ತಪ್ಪಿಸಲು ಇದು ಟ್ರಾನ್ಸ್‌ಥೈರೆಟಿನ್ ಎಂಬ ದೊಡ್ಡ ಸಸಾರಜನಕದ ಕೈಹಿಡಿದು ಸಾಗುತ್ತದೆ. ಹೊರೆಯನ್ನು ಇಳಿಸಿದ ಬಳಿಕ ಆ ಹಿಡಿತ ಸಡಿಲವಾಗುತ್ತದೆ. ಬರಿದಾದ ವಾಹಕವು ಮೂತ್ರಪಿಂಡವನ್ನು ಸೇರಿ, ಅಲ್ಲಿ ಜೀರ್ಣವಾಗುತ್ತದೆ. ಮೂತ್ರಪಿಂಡ ಕೆಟ್ಟವರ ರಕ್ತದಲ್ಲಿ ಈ ವಾಹಕವೂ ಜೀವಸತ್ವ ‘ಎ’ಯೂ ಅತಿಯಾಗಿ ಶೇಖರವಾಗುವುದು ಈ ಕಾರಣದಿಂದಲೇ.

ಇನ್ನು ವಾಹಕವೇ ತಯಾರಾಗದಿದ್ದರೆ? ಸಸಾರಜನಕದ ತೀವ್ರ ಕೊರತೆಯಿಂದ ಕೈಕಾಲು ಊದಿಕೊಂಡು, ಕೂದಲು ಕೆಂಚಾಗುವ ಕ್ವಾಷಿಯೋರ್ಕರ್ ಎಂಬ ರೋಗವು ಎಳೆಯ ಮಕ್ಕಳಿಗೆ ಬರುತ್ತದೆ. ಇಂತಹ ಮಗುವಿನ ಯಕೃತ್ತಿಗೆ ವಾಹಕವನ್ನು ಸಾಕಷ್ಟು ಕಟ್ಟುವ ಶಕ್ತಿಯಿರುವುದಿಲ್ಲ. ಯಕೃತ್ತಿನಲ್ಲಿ ಅಷ್ಟಿಷ್ಟು ಜೀವಸತ್ವ ಉಳಿದಿದ್ದರೂ ಅದು ಹೊರಡಲಾರದು. ಉಗ್ರಾಣದಲ್ಲಿ ದಾಸ್ತಾನಿದ್ದೂ ಕಣ್ಣು ಹಸಿದಿರುತ್ತದೆ. ರಕ್ತಪರೀಕ್ಷೆಯಲ್ಲಿ ಜೀವಸತ್ವ ಕಡಮೆ ಕಂಡಿತೆಂದ ಮಾತ್ರಕ್ಕೆ ದಾಸ್ತಾನು ಬರಿದಾಗಿದೆ ಎನ್ನಲಾಗದು. ಬಗೆಬಗೆಯ ಸೋಂಕುಗಳಲ್ಲಿಯೂ ವಾಹಕದ ಪ್ರಮಾಣ ಇಳಿಯುತ್ತದೆ. ಬಡಕಲಾದ ಮಗುವಿಗೆ ದಡಾರ ತಗಲಿದಾಗ ಕಣ್ಣು ಕೆಲವೇ ದಿನಗಳಲ್ಲಿ ಕೆಡುವುದಕ್ಕೆ ಇದೂ ಒಂದು ಕಾರಣ.

ಚಿಕಿತ್ಸೆಯಲ್ಲಿಯೂ ಒಂದು ಸೂಕ್ಷ್ಮವುಂಟು. ಕೆನೆ ತೆಗೆದ ಹಾಲಿನಲ್ಲಿ ಸಸಾರಜನಕವಿದೆ, ಜೀವಸತ್ವ ‘ಎ’ ಇಲ್ಲ. ಅದನ್ನು ಮಾತ್ರ ಕುಡಿಸಿದರೆ ವಾಹಕಗಳು ಒಮ್ಮೆಲೇ ತಯಾರಾಗಿ, ಮಗು ಬೆಳೆಯತೊಡಗಿ, ಉಳಿದ ಅಲ್ಪ ದಾಸ್ತಾನೂ ಬೇಗನೆ ತೀರುತ್ತದೆ. ಕಣ್ಣಿನ ಸ್ಥಿತಿ ಇನ್ನಷ್ಟು ವಿಷಮಿಸಬಹುದು. ಆದುದರಿಂದಲೇ ವೈದ್ಯರು ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ನುಗ್ಗೆ ಸೊಪ್ಪಿನ ಜೊತೆಗೆ ಹುರುಳಿಯನ್ನೋ ಅವರೆಯನ್ನೋ ಬೇಯಿಸಿ, ಮೇಲೆ ಎಣ್ಣೆಯ ಒಗ್ಗರಣೆ ಹಾಕುವ ಹಾಸನದ ಸೀಮೆಯ ಅಡುಗೆಗೆ ಇದೆಲ್ಲ ತಿಳಿದಿತ್ತೆಂದು ಹೇಳುವುದು ಅತಿಶಯೋಕ್ತಿ. ಆದರೂ ಆ ಅಡುಗೆಯಲ್ಲಿ ಜೀವಸತ್ವದ ಮೂಲವೂ, ವಾಹಕಕ್ಕೆ ಬೇಕಾದ ಸಸಾರಜನಕವೂ, ಹೀರಿಕೆಗೆ ನೆರವಾಗುವ ಕೊಬ್ಬೂ ಒಟ್ಟುಗೂಡಿವೆ. ಮಕ್ಕಳ ಕುರುಡನ್ನು ತಡೆಯಲು ಭಾರತದಲ್ಲಿ 1970ರಲ್ಲಿ ಜೀವಸತ್ವ ‘ಎ’ ಹಂಚುವ ಯೋಜನೆ ಪ್ರಾರಂಭವಾಯಿತು. ಈಗಿನ ಕ್ರಮದಂತೆ ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳ ಅಂತರದಲ್ಲಿ ಇದನ್ನು ಬಾಯಿಗೆ ಹನಿಸುತ್ತಾರೆ. ಯಕೃತ್ತಿನ ಶೇಖರಣ ಶಕ್ತಿಯನ್ನು ನಂಬಿಯೇ ಇಷ್ಟು ದೀರ್ಘವಾದ ಅಂತರವನ್ನು ಇರಿಸಲಾಗಿದೆ.

ಹುಟ್ಟಿನಿಂದಲೇ ಈ ವಾಹಕವಿಲ್ಲದವರೂ ಉಂಟು. ಜರ್ಮನಿಯ ಇಬ್ಬರು ಸಹೋದರಿಯರ ವೃತ್ತಾಂತ 1999ರಲ್ಲಿ ಪ್ರಕಟವಾಯಿತು. ಆನುವಂಶಿಕ ದೋಷದಿಂದ ಅವರ ರಕ್ತದಲ್ಲಿ ವಾಹಕವು ಪತ್ತೆಯಾಗಲೇ ಇಲ್ಲ. ಇರುಳಿನಲ್ಲಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ಬೆಳವಣಿಗೆಗೆ ಕುಂದು ಬಂದಿರಲಿಲ್ಲ. ಊಟವಾದ ಬಳಿಕ ಕರುಳಿನಿಂದ ಕೊಬ್ಬಿನ ಕಣಗಳೊಡನೆ ಹೊರಡುವ ಜೀವಸತ್ವವು ಮಿಕ್ಕ ಅಂಗಗಳಿಗೆ ಸಾಕಾಗುತ್ತಿತ್ತು; ಕಣ್ಣಿಗೆ ಮಾತ್ರ ಅದು ಸಾಲದು. ವಾಹಕದಿಂದ ರೆಟಿನಾಲನ್ನು ಇಳಿಸಿಕೊಳ್ಳುವ ಗ್ರಾಹಕವೊಂದು ಕಣ್ಣಿನ ಜೀವಕೋಶಗಳ ಪೊರೆಯಲ್ಲಿರುವುದನ್ನು 2007ರಲ್ಲಿ ಅಮೆರಿಕದ ವಿಜ್ಞಾನಿಗಳು ಗುರುತಿಸಿದರು.