ತಿರುಗಾಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಸ್ಪ್ಯಾನಿಷ್ ಭಾಷೆಯ ‘ವಿಯಾಹೆ’ ಎಂಬ ಒಂದೇ ಪದ ಇಂಗ್ಲಿಷಿಗೆ ಬರುವಾಗ ಸಂದರ್ಭಕ್ಕೆ ತಕ್ಕಂತೆ ಟ್ರಿಪ್, ಜರ್ನಿ, ಟ್ರಾವೆಲ್, ವಾಯೇಜ್ ಆಗುತ್ತದೆ. ಕನ್ನಡದಲ್ಲಿ ಪ್ರಯಾಣ, ಪ್ರವಾಸ, ಯಾತ್ರೆ, ತಿರುಗಾಟಗಳು ಮೊದಲೇ ಬೇರೆಬೇರೆ. ಆದರೂ ಹೊರಟವರು ಯಾರು, ಏತಕ್ಕೆ ಹೊರಟರು ಎಂಬುದನ್ನು ತಿಳಿಯದೆ ಅವುಗಳಿಗೆ ಇಂಗ್ಲಿಷ್ ಪದ ಆರಿಸಲಾಗದು.

ದಕ್ಷಿಣ ಕನ್ನಡದ ಕಬಕದಿಂದ ಪುತ್ತೂರಿಗೆ ಬಸ್ಸಿನಲ್ಲಿ ಹೋಗುವುದು ಪ್ರಯಾಣ. ಅದರ ದರ ‘ಫೇರ್’. ಆ ಬಸ್ಸು ದಿನಕ್ಕೆ ಓಡುವ ಸರತಿ ‘ಟ್ರಿಪ್’. ಟ್ರಿಪ್ಪನ್ನು ಎಣಿಸಬಹುದು, ಟ್ರಾವೆಲ್ ಅನ್ನು ಎಣಿಸುವಂತಿಲ್ಲ. ‘ಎ ಟ್ರಾವೆಲ್’ ಎಂದು ಬರೆಯುವ ತಪ್ಪು ಸ್ಪ್ಯಾನಿಷ್ ಮಾತಾಡುವವರಲ್ಲೂ ಕನ್ನಡಿಗರಲ್ಲೂ ಕಾಣುತ್ತದೆ.

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ಹೋಗುವ ಯಾತ್ರೆ ‘ಪಿಲ್ಗ್ರಿಮೇಜ್’. ರಾಜಕೀಯ ಪಕ್ಷದ ಪಾದಯಾತ್ರೆ ಮಾತ್ರ ‘ಮಾರ್ಚ್’, ಅಂತಿಮ ಯಾತ್ರೆ ‘ಫ್ಯೂನರಲ್ ಪ್ರೊಸೆಷನ್’.

ಅನುವಾದಕರನ್ನು ಹೆಚ್ಚು ಕಾಡುವುದು ತಿರುಗಾಟ. ಅಲೆದಾಟ ಎಂಬ ಅರ್ಥ ಹಿಡಿದು ‘ವಾಂಡರಿಂಗ್’ ಎಂದರೆ ಪುತ್ತೂರು, ಸುಳ್ಯ ಕಡೆಯ ಯಕ್ಷಗಾನ ಕಲಾವಿದರ ಬದುಕೇ ತಿರುಚಿಹೋಗುತ್ತದೆ. ದೀಪಾವಳಿಯ ಬಳಿಕ ಮೇಳ ಹೊರಟು, ಮೇ ಕೊನೆಯಲ್ಲಿ ತುಳುವರು ಆಚರಿಸುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ ರಾತ್ರಿಗೊಂದು ಊರಿನಲ್ಲಿ ಆಟ. ಆ ಇಡೀ ಅವಧಿ ಒಂದು ತಿರುಗಾಟ. ‘ಕಟೀಲು ಮೇಳದಲ್ಲಿ ಹತ್ತು ವರ್ಷ ತಿರುಗಾಟ ಮಾಡಿದವರು’ ಎಂಬ ಮಾತಿನಲ್ಲಿ ದುಡಿಮೆಯಿದೆ, ಹಿರಿತನವಿದೆ. ಇಲ್ಲಿ ‘ಟೂರಿಂಗ್ ಸೀಸನ್’ ಎಂಬುದೇ ಸರಿ. ಕಲಾತಂಡದ ಸಂಚಾರಕ್ಕೆ ಸ್ಪ್ಯಾನಿಷಿನಲ್ಲಿ ‘ಹೀರಾ’ ಎನ್ನುತ್ತಾರೆ. ಅದರ ಬೇರೂ ‘ತಿರುಗು’ ಎಂಬ ಕ್ರಿಯೆಯೇ. ಇಂಗ್ಲಿಷಿನ ‘ಟೂರ್’ ಕೂಡ ಸುತ್ತುವುದರಿಂದಲೇ ಬಂದದ್ದು. ಮೂರು ಭಾಷೆಗಳು ಒಂದೇ ಭಾವಕ್ಕೆ ಬಂದು ನಿಂತಿರುವಾಗ ‘ವಾಂಡರಿಂಗ್’ ಎಂದು ಬರೆಯಲು ಕಾರಣವೇ ಇಲ್ಲ.

ಪ್ರಯಾಣಕ್ಕೆ ಅಂಟಿಕೊಂಡೇ ಬರುವ ‘ನಿಲ್ದಾಣ’ ಪದದ ತೊಡಕು ಬೇರೆ ಬಗೆಯದು. ರೈಲಿನ ‘ಎಸ್ತಾಸಿಯೋನ್’ ಮತ್ತು ಬಸ್ಸು ನಿಲ್ಲುವ ‘ಪರಾದಾ’ ಸ್ಪ್ಯಾನಿಷಿನಲ್ಲಿ ಬೇರೆಬೇರೆ. ಕನ್ನಡದಲ್ಲಿ ಎರಡಕ್ಕೂ ನಿಲ್ದಾಣವೇ. ವಿಟ್ಲದ ರಸ್ತೆ ಕವಲೊಡೆಯುವ ಕಬಕದಲ್ಲಿ ಬಸ್ಸು ನಿಲ್ಲುವ ಜಾಗ ‘ಸ್ಟಾಪ್’. ಮಂಗಳೂರು–ಹಾಸನ ಮಾರ್ಗದ ‘ಕಬಕ ಪುತ್ತೂರು’ ರೈಲು ನಿಲ್ದಾಣ ‘ಸ್ಟೇಷನ್’; ಅದು ಇರುವುದು ಪುತ್ತೂರು ಪೇಟೆಯಲ್ಲಿ. ಹೆಸರು ಉದ್ದವಾಯಿತೆಂದು ‘ಕಬಕ’ ಎಂದಷ್ಟೇ ಬರೆದರೆ ಓದುಗ ಕೆಲವು ಕಿಲೋಮೀಟರ್ ಆಚೆ ಇಳಿದಾನು. ‘ಪುತ್ತೂರು’ ಎಂದಷ್ಟೇ ಬರೆದರೆ ಇನ್ನೂ ಕಷ್ಟ: ಆಂಧ್ರಪ್ರದೇಶದಲ್ಲೂ ಅದೇ ಹೆಸರಿನ ರೈಲು ನಿಲ್ದಾಣವಿದೆ. ಯಾವ ಭಾಷೆಗೆ ತಂದರೂ ಆ ಜೋಡಿ ಹೆಸರನ್ನು ಮೊಟಕುಗೊಳಿಸುವಂತಿಲ್ಲ.